ಕೇಲಾಂಗ್‌ನಿಂದ ಮಾರಾಯನಿಗೊಂದು ಪತ್ರ

ಪ್ರೀತಿಯ ಮಾರಾಯಾ,

ಬೆಟ್ಟದ ಫೋಟೋ ಕಳಿಸು ಅಂತ ನಾಲ್ಕು ಸಲ ಕೇಳಿದೆ. ಫೋಟೋ ಆಮೇಲೆ. ಇವತ್ತು ಕಾಗದ ಬರೆಯೋಣ ಅನ್ನಿಸಿದೆ. ಹಾಸ್ಟೆಲಿನ ದಿನಗಳಲ್ಲಿ ರಜೆಗೆ ಹೋದಾಗ ಬರೆಯುತ್ತಿದ್ದೆವಲ್ಲ, ಹಾಗೆ. ನಮ್ಮ ಉಳಿದ ಮೂವರೂ ಓದಲಿ. ಪರಿಚಯ ಇಲ್ಲದವರೂ ಓದಲಿ, ಪರವಾಗಿಲ್ಲ. ಎರಡನೇ ಚೆಂಬಿನ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ನಾನೀಗ ಕೇಲಾಂಗ್‌ನಲ್ಲಿದ್ದೇನೆ. ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಕೇಂದ್ರ ಇದು. ಜಿಲ್ಲಾ ಕೇಂದ್ರ ಅಂದರೆ ಮಂಗಳೂರೋ ಹಾಸನವೋ ಕಣ್ಣ ಮುಂದೆ ಬರುತ್ತದೆ ಅಲ್ವಾ? ಇಲ್ಲಿ ಒಂದು ಪೇಟೆ ಬೀದಿ, ಕೆಳಗೆ ಭಾಗಾ ನದಿ, ಸುತ್ತ ಬೋಳು ಬೆಟ್ಟ. ನಿನಗೆ ಲೆಕ್ಕ ಇಷ್ಟ, ಅದಕ್ಕೇ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಇರುವ ಜಿಲ್ಲೆ ಕೊಡಗು. 2011ರ ಜನಗಣತಿಯಲ್ಲಿ ಅಲ್ಲಿ ಐದೂವರೆ ಲಕ್ಷ ಜನ. ಈ ಜಿಲ್ಲೆ ಕೊಡಗಿನ ಮೂರು ಪಟ್ಟಿಗಿಂತ ದೊಡ್ಡದು, 13,841 ಚದರ ಕಿಲೋಮೀಟರ್. ಜನ 31,564. ಒಂದು ಚದರ ಕಿಲೋಮೀಟರಿಗೆ ಇಬ್ಬರು!

ಜಿಲ್ಲೆ ಒಂದೇ ಆದರೂ ಕಣಿವೆ ಎರಡು. ಲಾಹೌಲ್ ಈ ಕಡೆ, ಸ್ಪಿತಿ ಆ ಕಡೆ. ನಡುವೆ ಕುಂಜುಮ್ ಕಣಿವೆದಾರಿ, ಸುಮಾರು 4,550 ಮೀಟರ್ ಎತ್ತರದಲ್ಲಿ. ಹಿಮ ಬಿದ್ದರೆ ಆ ದಾರಿ ತಿಂಗಳುಗಟ್ಟಲೆ ಮುಚ್ಚುತ್ತದೆ. ಆಗ ಸ್ಪಿತಿಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಬರಬೇಕೆಂದರೆ ಕಿನ್ನೌರ್, ಶಿಮ್ಲಾ, ಕುಲ್ಲು ಜಿಲ್ಲೆಗಳನ್ನೆಲ್ಲ ಸುತ್ತಿ ಬರಬೇಕು. ಅದಕ್ಕೇ ಸ್ಪಿತಿಯ ಕಾಜಾದಲ್ಲಿ ಬೇರೆಯೇ ಒಬ್ಬ ದೊಡ್ಡ ಅಧಿಕಾರಿಯನ್ನು ಇಟ್ಟಿದ್ದಾರೆ.

ಕಳೆದ ವಾರ ನಾನೂ ಕುಂಜುಮ್ ದಾಟಿ ಕಾಜಾಕ್ಕೆ ಹೋಗಿದ್ದೆ. ಚಹಾದಂಗಡಿಯಲ್ಲಿ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಬೌದ್ಧ ಸನ್ಯಾಸಿ, ಫೋನ್ ಇಡುವುದನ್ನೇ ಕಾದಿದ್ದು, "ಯಾವೂರು ನಿಮ್ದು?" ಅಂದರು. ಕನ್ನಡದಲ್ಲಿ! ಇಲ್ಲಿನವರೇ ಅವರು. ಮುಂಡಗೋಡಿನ ಮಠದಲ್ಲಿ ಹನ್ನೆರಡು ವರ್ಷ ಓದಿದ್ದಾರೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಗಿರಮಿಟ್ ಈಗಲೂ ಸಿಗುತ್ತದಾ ಅಂತ ಕೇಳಿದರು. ಅಷ್ಟು ದೂರದಲ್ಲಿ, ಅಷ್ಟು ಎತ್ತರದಲ್ಲಿ ಗಿರಮಿಟ್ ಅನ್ನುವ ಮಾತು ಕೇಳಿ ನನಗೆ ಕಣ್ಣು ತುಂಬಿತು. ನಿನ್ನ ಅಪ್ಪ ನೆನಪಾದರು. ಅವರೂ ಹಾಗೇ, ಹೊಸಬರು ಯಾರೇ ಬಂದರೂ ಮೊದಲು ಊರು, ಆಮೇಲೆ ಊಟ.

ಆ ನೆನಪಿನಿಂದಲೇ ಈ ಕಾಗದ ಬೇರೆ ದಾರಿ ಹಿಡಿಯಿತು ನೋಡು.

ಕೇಲಾಂಗ್‌ಗೆ ಬರುವ ಮುಂಚೆ ತಾಂಡಿ ಅಂತ ಒಂದು ಜಾಗ ಇದೆ. ಅಲ್ಲಿ ಚಂದ್ರಾ ಮತ್ತು ಭಾಗಾ ನದಿ ಸೇರುತ್ತವೆ. ಮುಂದೆ ಅದೇ ಚಿನಾಬ್. ಈ ಕಡೆಯವರು ತಮ್ಮವರ ಅಸ್ಥಿ ಬಿಡುವುದು ಆ ಸಂಗಮದಲ್ಲಿ. ಅಲ್ಲೇ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಎರಡು ರಾತ್ರಿ ಉಳಿದೆ. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಕೋಣೆಯ ನಡುವೆ ಕಬ್ಬಿಣದ ಒಲೆ, ಅದಕ್ಕೆ ಇಲ್ಲಿ ತಂದೂರ್ ಅನ್ನುತ್ತಾರೆ. ಅದರ ಸುತ್ತ ಕೂತು ಅವರ ಮನೆಯವರ ಜೊತೆ ಬಟಾಣಿ ಬಿಡಿಸುತ್ತಿದ್ದೆ.

ಸುರಂಗ ಬಂದ ಮೇಲೆ ಎಷ್ಟು ಸುಲಭ ಆಯಿತು ಅಂತ ಸುಮ್ನೆ ಕೇಳಿದೆ. 2020ರ ಅಕ್ಟೋಬರ್ 3ರಂದು ತೆರೆದ ಅಟಲ್ ಸುರಂಗ, 9 ಕಿಲೋಮೀಟರ್. ನಮ್ಮ ಬಸ್ಸು ಹದಿನೈದು ನಿಮಿಷದಲ್ಲಿ ದಾಟಿತ್ತು. ಸುರಂಗ ಆಗುವ ಮುಂಚೆ ಕುಲ್ಲು ಕಡೆಯಿಂದ ಬರುವವರು ರೋಹ್ತಾಂಗ್ ಕಣಿವೆದಾರಿ ಹತ್ತಿಯೇ ಇಳಿಯಬೇಕಿತ್ತು. ಚಳಿಗಾಲ ಬಂತೆಂದರೆ ಐದಾರು ತಿಂಗಳು ದಾರಿಯೇ ಇಲ್ಲ. ಸರ್ಕಾರದ ಹೆಲಿಕಾಪ್ಟರಿನಲ್ಲಿ ಜಾಗ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ನಡೆಯಬೇಕು. ರೋಹ್ತಾಂಗ್ ಅಂದರೆ ಹೆಣಗಳ ರಾಶಿ ಅಂತ ಅರ್ಥ ಹೇಳುತ್ತಾರೆ.

ಚಾಚಾ ನಡೆದಿದ್ದಾರೆ. ಆಗ ಅವರು ಕುಲ್ಲುವಿನಲ್ಲಿ ಕೆಲಸ ಮಾಡುತ್ತಿದ್ದರು. ಡಿಸೆಂಬರಿನಲ್ಲಿ ತಾಯಿ ತೀರಿಕೊಂಡರು. ಸುದ್ದಿ ಮುಟ್ಟಿದ್ದೇ ಮರುದಿನ. ಬಸ್ಸು ನಿಂತು ವಾರವಾಗಿತ್ತು. ನಾಲ್ಕು ಜನ ಸೇರಿ ರೋಹ್ತಾಂಗ್‌ನ ಕುಲ್ಲು ಬದಿಯ ಮಡ್ಹಿಯಿಂದ ನಡುರಾತ್ರಿ ಹೊರಟರಂತೆ. ಹೊತ್ತೇರಿದರೆ ಮೇಲೆ ಗಾಳಿ ಶುರುವಾಗುತ್ತದೆ, ಅದು ಏಳುವ ಮುಂಚೆ ತುದಿ ದಾಟಬೇಕು. ಮೊಣಕಾಲುದ್ದ ಹಿಮ. ಮುಂದೆ ಹೋದವನ ಹೆಜ್ಜೆಯಲ್ಲೇ ಹೆಜ್ಜೆ. ಆ ಕಡೆ ಕೋಕ್ಸರ್‌ಗೆ ಇಳಿದು, ಮತ್ತೂ ನಡೆದು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೂದಿ ಮಾತ್ರ ಉಳಿದಿತ್ತು.

"ಮತ್ತೆ ಬಂದು ಏನು ಪ್ರಯೋಜನ ಆಯ್ತು?" ಅಂದುಬಿಟ್ಟೆ. ಆ ಮಾತು ಬಾಯಿಂದ ಹೇಗೆ ಬಂತೋ. ಚಾಚಾಗೆ ಬೇಜಾರಾಗಲಿಲ್ಲ. "ಅಪ್ಪ ಬಾಗಿಲಲ್ಲಿ ಕೂತಿದ್ದರು. ನಮ್ಮೂರಲ್ಲಿ ಇರುವುದೇ ಹನ್ನೊಂದು ಮನೆ. ಯಾರು ಬಂದರು, ಯಾರು ಬರಲಿಲ್ಲ, ಎಲ್ಲರಿಗೂ ಕಾಣುತ್ತದೆ" ಅಂದರು. ಮತ್ತೆ ಬಟಾಣಿ ಬಿಡಿಸತೊಡಗಿದರು.

ಮಾರಾಯಾ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿನ್ನ ಅಪ್ಪ ಹೋದ ದಿನ ಘಾಟಿ ಬಂದ್ ಆಗಿದೆ ಅಂತ ಹೇಳಿದ್ದೆ. ಗುಂಪಿನಲ್ಲಿ ಎಲ್ಲರೂ ನಂಬಿದಿರಿ. ಜುಲೈ ತಿಂಗಳು, ಅಂಥ ಮಳೆ, ಯಾರು ನಂಬುವುದಿಲ್ಲ? "ಪಾಪ, ನೀನೇನು ಮಾಡ್ತೀಯ" ಅಂತ ನೀನೇ ನನಗೆ ಸಮಾಧಾನ ಹೇಳಿದೆ. ಘಾಟಿ ಬಂದ್ ಆಗಿರಲಿಲ್ಲ ಕಣೋ. ನಾನು ಮೆಜೆಸ್ಟಿಕ್‌ವರೆಗೆ ಹೋಗಿದ್ದೆ. ಧರ್ಮಸ್ಥಳದ ಬಸ್ಸು ನಿಂತಿತ್ತು. ಕಿಟಕಿ ಪಕ್ಕದ ಸೀಟೂ ಇತ್ತು. ನಾನು ಹತ್ತಲಿಲ್ಲ. ಬಸ್ಸು ಹೊರಟಿತು, ನೋಡುತ್ತಾ ನಿಂತೆ. ಹತ್ತು ನಿಮಿಷ ಬಿಟ್ಟು ನಿನಗೆ ಫೋನ್ ಮಾಡಿ ಘಾಟಿಯ ಹೆಸರು ಹೇಳಿದೆ.

ಕಾರಣ ಹೇಳಬೇಕೆಂದರೆ, ಹೆದರಿಕೆ. ಆ ಜಗಲಿಯಲ್ಲಿ ಅವರನ್ನು ಮಲಗಿಸಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಎರಡನೇ ವರ್ಷದ ಫೀಸು ಕಟ್ಟಿದ್ದು ಅವರು. ನಿನಗೆ ಹೇಳಬೇಡ ಅಂದಿದ್ದರು. ಆ ವರ್ಷದ ಅಡಿಕೆ ದುಡ್ಡು ಅದು. ನೀನು ಕೇಳಿದ ಬೈಕು ಆ ವರ್ಷ ಬರಲಿಲ್ಲ, ನೆನಪಿದೆಯಾ? ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು. ಸುಳ್ಳನ್ನು ಎಲ್ಲರ ಎದುರು ಹೇಳಿದ್ದೆ, ಇದನ್ನೂ ಎಲ್ಲರ ಎದುರೇ ಹೇಳುತ್ತೇನೆ. ಮನೆ ತುಂಬ ಜನ ಇರುತ್ತಾರೆ, ನಾನೊಬ್ಬ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಅವತ್ತು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಬೈಯುವುದಿದ್ದರೆ ಬೈ. ಫೋನಿನಲ್ಲಿ ಬೇಡ, ಎದುರಿಗೇ. ಮುಂದಿನ ತಿಂಗಳು ಬರುತ್ತೇನೆ.

ಸರಿ, ಬೇರೆ ಮಾತು. ಅಮ್ಮನಿಗೆ ಛರ್ಮಾ ಹಣ್ಣಿನ ರಸದ ಬಾಟಲಿ ತರುತ್ತಿದ್ದೇನೆ. ಮುಳ್ಳುಗಿಡದ ಕಿತ್ತಳೆ ಬಣ್ಣದ ಪುಟ್ಟ ಹಣ್ಣು, ಮುಖ ಕಿವಿಚುವಷ್ಟು ಹುಳಿ. ಪುನರ್ಪುಳಿ ಕುಡಿಯುವವರಿಗೆ ಇದು ಹಿಡಿಸದೆ ಇರಲಾರದು. ಎರಡು ಕಿಲೋ ಒಣ ಬಟಾಣಿಯೂ ಇದೆ, ಚಾಚಾನ ಸೊಸೆ ಕಟ್ಟಿಕೊಟ್ಟದ್ದು. ಯಾರಿಗೆ ಅಂತ ಕೇಳಿದರು, ನಿನ್ನ ವಿಷಯ ಹೇಳಿದೆ. ಅವನ ಊರು ದೊಡ್ಡದಾ ಅಂದರು. ಇಲ್ಲ, ತೋಟದ ನಡುವೆ ಚಿಕ್ಕ ಹಳ್ಳಿ, ಮೂವತ್ತು ಮನೆ ಇರಬಹುದು ಅಂದೆ.

"ಮೂವತ್ತಾ! ಅಷ್ಟು ಜನರ ಹೆಸರು ನೆನಪಿರುತ್ತದಾ ಅವರಿಗೆ?" ಅಂದು, ಇನ್ನೊಂದು ಕಿಲೋ ತರಲು ಒಳಗೆ ಹೋದರು.

ನಿನ್ನ,
ಕೊನೇ ಬೆಂಚಿನವನು