ರಸ್ತೆ ಜಗಳಕ್ಕೆ ದಟ್ಟಣೆಯೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ವಾಹನ ತಾಗಿತೆಂದೋ, ದಾರಿ ಬಿಡಲಿಲ್ಲವೆಂದೋ ಬೆಂಗಳೂರಿನ ರಸ್ತೆಗಳಲ್ಲಿ ಸವಾರರು ಹೊಡೆದಾಡಿಕೊಳ್ಳುವ ಸುದ್ದಿ ಪದೇ ಪದೇ ವರದಿಯಾಗುತ್ತಿದೆ. ಪ್ರತಿ ಸಲವೂ ಸಂಚಾರ ದಟ್ಟಣೆಯನ್ನು ದೂರಿ ಸುಮ್ಮನಾಗುತ್ತೇವೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದೇ ಹೊತ್ತಿನಲ್ಲಿ, ಒಂದೇ ಬಿಸಿಲಿನಲ್ಲಿ ಸಿಲುಕಿದ ನೂರಾರು ಮಂದಿಯಲ್ಲಿ ಕೆಳಗಿಳಿದು ಇನ್ನೊಬ್ಬರ ಕೊರಳಪಟ್ಟಿ ಹಿಡಿಯುವವರು ಒಬ್ಬಿಬ್ಬರೇ ಏಕೆ ಎಂಬುದನ್ನು ಯೋಚಿಸಬೇಕಾಗಿದೆ.

ಎದುರಿನವರ ಅಚಾತುರ್ಯದಲ್ಲೂ ಬೇಕೆಂದೇ ಮಾಡಿದ ಅವಮಾನವನ್ನು ಕಾಣುವ ಸ್ವಭಾವದವರು ಬೇಗ ಕೆರಳುತ್ತಾರೆ. ನಿದ್ದೆಗೇಡು, ಸೆಕೆ, ಮದ್ಯ ಆ ಕೆರಳಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆದರೂ ಕೋಪ ಬಂದವರೆಲ್ಲ ಕೈ ಎತ್ತುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸಂಯಮ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಒಂದು ಸಾವಿರ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಸಂಶೋಧಕರು, ಬಾಲ್ಯದಲ್ಲಿ ಸಂಯಮ ಕಡಿಮೆಯಿದ್ದವರು ದೊಡ್ಡವರಾದ ಮೇಲೆ ಅಪರಾಧ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದದ್ದು ಹೆಚ್ಚು ಎಂಬುದನ್ನು ಕಂಡುಕೊಂಡರು. ಕುಟುಂಬದ ಸ್ಥಿತಿಗತಿ ಮತ್ತು ಬುದ್ಧಿಮತ್ತೆಯನ್ನು ಪರಿಗಣಿಸಿದಾಗಲೂ ಈ ಸಂಬಂಧ ಉಳಿದಿತ್ತು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು, ಬೆಳೆಯುತ್ತಾ ಸಂಯಮ ರೂಢಿಸಿಕೊಂಡವರ ಬದುಕು ನಿರೀಕ್ಷೆಗಿಂತ ಉತ್ತಮವಾಗಿತ್ತು ಎಂಬ ಅದೇ ಅಧ್ಯಯನದ ಮಾತು. ‘ಅವನ ಹುಟ್ಟುಗುಣವೇ ಹಾಗೆ’ ಎಂದು ಕೈಚೆಲ್ಲುವುದು ಸರಿಯಲ್ಲ.

ಕೋಪವನ್ನು ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 154 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಇದನ್ನು ಅಲ್ಲಗಳೆದಿದೆ. ಆಳವಾದ ಉಸಿರಾಟ, ಧ್ಯಾನ, ಯೋಗದಂತಹ ದೇಹವನ್ನು ಶಾಂತಗೊಳಿಸುವ ಕ್ರಮಗಳಿಂದ ಕೋಪ ತಗ್ಗುತ್ತದೆ. ಓಟದಂತಹ ದೇಹವನ್ನು ಉದ್ರೇಕಿಸುವ ಚಟುವಟಿಕೆಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಹಾರ್ನ್ ಒತ್ತಿ, ಬೈದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಹಲ್ಲೆ ಮಾಡಿದವರಿಗೆ ಕಾನೂನಿನ ಶಿಕ್ಷೆ ಆಗಲೇಬೇಕು, ಅದರಲ್ಲಿ ರಿಯಾಯಿತಿ ಸಲ್ಲದು. ಅದರ ಜೊತೆಗೆ, ಮತ್ತೆ ಮತ್ತೆ ಇಂತಹ ಪ್ರಕರಣಗಳಲ್ಲಿ ಸಿಲುಕುವವರಿಗೆ ಕೋಪ ನಿಯಂತ್ರಣದ ಆಪ್ತಸಮಾಲೋಚನೆಯನ್ನು ಕಡ್ಡಾಯಗೊಳಿಸಲಿ. ಅದರ ರೂಪುರೇಷೆ ಸಿದ್ಧಪಡಿಸಲು ನಿಮ್ಹಾನ್ಸ್‌ನಂತಹ ಸಂಸ್ಥೆ ನಮ್ಮ ನಗರದಲ್ಲೇ ಇದೆ. ಚಾಲನಾ ತರಬೇತಿ ಶಾಲೆಗಳಲ್ಲಿ ಗೇರು, ಬ್ರೇಕುಗಳ ಜೊತೆಗೆ ಕೆರಳಿದಾಗ ಏನು ಮಾಡಬೇಕೆಂಬುದನ್ನೂ ಕಲಿಸಲಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ನ ಉಚಿತ ಸಂಖ್ಯೆ 14416 ಅನ್ನು ಸಿಗ್ನಲ್‌ಗಳ ಬಳಿಯ ಫಲಕಗಳಲ್ಲಿ ಕನ್ನಡದಲ್ಲಿ ಬರೆಸುವಂತೆ ಸಂಚಾರ ಪೊಲೀಸರನ್ನು ಈ ಮೂಲಕ ಕೋರುತ್ತೇನೆ.

– ಓರ್ವ ಓದುಗ, ಜಯನಗರ, ಬೆಂಗಳೂರು