‘ಮಸ್ಕಿರಿ’ ಅಂದ್ರೇನು ಅಂತ ತಿಳಿಸಿಕೊಟ್ಟವರಿಗೆ

ಯಾದಗಿರಿ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಿರುಕುಳದ ಬಗ್ಗೆ ನಾವು ನಡೆಸುತ್ತಿದ್ದ ಸಂದರ್ಶನಗಳು ಮುಗಿದವು. ವರದಿಗೆ ಕೂರುವ ಮೊದಲು ಋಣ ನೆನೆಯಬೇಕು.

ಮೊದಲನೆಯದು ಮಕ್ಕಳ ಋಣ. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇಂಥ ಕಿರುಕುಳಕ್ಕೆ ಹೇಳಿದ ಮೂರು ಗುರುತು ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಏರುಪೇರು. ಆದರೆ ‘ನಿನಗ ಯಾರರ ಕಿರುಕುಳ ಕೊಡ್ತಾರೇನು?’ ಅಂದರೆ ಇಲ್ಲಿ ಬರುವ ಉತ್ತರ ‘ಇಲ್ರಿ’. ಇಲ್ಲಿನ ಮಾತು ‘ಮಸ್ಕಿರಿ’. ಗೆಳೆಯನ ಚಪ್ಪಲಿ ಬಚ್ಚಿಡುವುದೂ ಮಸ್ಕಿರಿ, ತಾಂಡಾದಿಂದ ಬರುವ ಹುಡುಗಿಯ ಮಾತನ್ನು ದಿನಾ ಅಣಕಿಸುವುದೂ ಮಸ್ಕಿರಿ. ‘ಆಕಿ ತಿರುಗಿ ಹಂಗೇ ಮಾಡಿದ್ರ ಏನಾಗ್ತದ?’ ಎಂದು ಕೇಳಿದಾಗಲೇ ಎರಡೂ ಬೇರೆಯಾಗುವುದು. ಆ ಪ್ರಶ್ನೆ ನಮಗೆ ಸಿಕ್ಕಿದ್ದು ಮಕ್ಕಳಿಂದ.

ಶಾಲೆಯ ನಕ್ಷೆ ಬರೆದ ಮಕ್ಕಳಿಗೆ ಇನ್ನೊಂದು ಶರಣು. ಒಂದು ಹಾಳೆ, ಎರಡು ಪೆನ್ಸಿಲ್. ಹಾಯೆನಿಸುವ ಜಾಗಕ್ಕೆ ಹಸಿರು, ಅಂಜಿಕೆಯ ಜಾಗಕ್ಕೆ ಕೆಂಪು. ಒಂದು ಹಾಳೆಯಲ್ಲಿ ನೀರಿನ ನಳದ ಮೇಲೆ ಕಾಗದ ಹರಿಯುವಷ್ಟು ಕೆಂಪು ತೀಡಿತ್ತು. ತನ್ನ ಬಗ್ಗೆ ಬಾಯಿ ಬಿಡದ ಮಗು ನಳದ ಬಗ್ಗೆ ಮಾತಾಡುತ್ತದೆ.

ಬಿಸಿಯೂಟದ ಅಕ್ಕಂದಿರೇ, ತಟ್ಟೆ ಹಿಡಿದು ಯಾರು ಒಂಟಿಯಾಗಿ ಕೂರುತ್ತಾರೆ ಎಂಬುದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ, ನಿಮ್ಮ ಕಣ್ಣಲ್ಲಿ ಸಿಕ್ಕಿತು.

ಮುಖ್ಯೋಪಾಧ್ಯಾಯರು ಹೊರಗಿಂದ ಕಾಣುವ, ಆದರೆ ಮಾತು ಕೇಳಿಸದ ಕೋಣೆ ಕೊಟ್ಟು ಹೊರಗೇ ಉಳಿದರು. ಶಿಕ್ಷಕರು ಎದುರಿಗಿದ್ದರೆ ಮಗು ‘ಸರಿ ಉತ್ತರ’ ಹೇಳುತ್ತದೆ. ಆರು ಮಕ್ಕಳ ಗುಂಪು ಚರ್ಚೆಯಲ್ಲಿ ಕಾಡುವವನೂ ಕಾಡಿಸಿಕೊಂಡವನೂ ಒಟ್ಟಿಗೆ ಬಿದ್ದರೆ ಧ್ವನಿಮುದ್ರಣದಲ್ಲಿ ನಗು ಮಾತ್ರ ಉಳಿಯುತ್ತದೆ. ಅದರ ಬೆಲೆಯನ್ನು ಕಾಡಿಸಿಕೊಂಡ ಮಗು ಮರುದಿನ ತೆರಬೇಕಾಗುತ್ತದೆ. ಹಾಗಾಗಿ ಯಾರ ಜೊತೆ ಕೂರಲು ಇಷ್ಟ ಎಂದು ಒಬ್ಬೊಬ್ಬರನ್ನೇ ಕೇಳಿ ಗುಂಪು ಕಟ್ಟಲು ಮುಖ್ಯೋಪಾಧ್ಯಾಯರು ಸಮಯವನ್ನೂ ಕೊಟ್ಟರು.

ಒಂದು ಗಂಟೆಯ ಮಾತನ್ನು ಬರೆದಿಳಿಸಲು ಐದಾರು ಗಂಟೆ ಬೇಕು. ದಖ್ಖನಿ, ಲಂಬಾಣಿ, ಇಲ್ಲಿನ ಕನ್ನಡವನ್ನು ಆಡಿದ ಹಾಗೇ ಇಳಿಸಿದ ಗೆಳೆಯರಿಗೆ ಎಷ್ಟು ಹೇಳಿದರೂ ಕಡಿಮೆ. ಪುಸ್ತಕದ ಕನ್ನಡಕ್ಕೆ ತಿದ್ದಿದ್ದರೆ ‘ಮಸ್ಕಿರಿ’ ಬರೀ ‘ತಮಾಷೆ’ಯಾಗಿ, ಮಾತುಗಳನ್ನು ವಿಷಯವಾರು ವಿಂಗಡಿಸಿ ಸಂಕೇತ ಹಚ್ಚುವ ಹಂತದಲ್ಲಿ ಕಳೆದೇ ಹೋಗುತ್ತಿತ್ತು.

ಪಾಲಕರ ಒಪ್ಪಿಗೆ ಸುಲಭದ್ದಾಗಿರಲಿಲ್ಲ. ಎಲ್ಲವನ್ನೂ ಗುಟ್ಟಾಗಿಡಲು ಬರುವುದಿಲ್ಲ, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು ಎಂದು ಮೊದಲೇ ಹೇಳಿದ್ದೆವು. ಕೇಳಿಯೂ ನಂಬಿ ಸಹಿ ಹಾಕಿದಿರಿ.

‘ಏಳನೇ ತರಗತಿ, ಗುಳೆ ಹೋಗಿ ಬಂದವನು’ ಅಂದರೆ ಸಾಕು, ಊರಿಗೇ ಗುರುತು ಹತ್ತುತ್ತದೆ. ವರದಿಯಲ್ಲಿ ಊರು, ತಾಂಡಾ, ತರಗತಿ ಯಾವುದೂ ಇರುವುದಿಲ್ಲ. ಇಲ್ಲಿ ನಿಮ್ಮ ಯಾರ ಹೆಸರನ್ನೂ ಬರೆಯದಿರುವುದು ಅದಕ್ಕೇ.