ಟೋಕನ್ ವಾಪಸ್ ಬಂತು, ಮನೆ ಬರಲಿಲ್ಲ

ಮಾನ್ಯ ಸಂಪಾದಕರೇ,

ಆಷಾಢ ಶುರುವಾಗುವ ಹೊತ್ತಿಗೆ ಕುವೆಂಪುನಗರದಲ್ಲಿ 30×40 ಅಡಿ ಸೈಟಿನ ಹಳೇ ಮನೆಯೊಂದನ್ನು ನೋಡಿದೆವು. ಹಿತ್ತಲಲ್ಲಿ ನುಗ್ಗೆಮರ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ. ನಮ್ಮ ಯಜಮಾನರಿಗೆ ಮಂಡಿ ನೋವು, ಮೆಟ್ಟಿಲಿಲ್ಲದ ಮನೆಯೇ ಬೇಕಿತ್ತು. ರೇಟು ಕುದುರಿತು. 50 ಸಾವಿರ ಟೋಕನ್ ಅಂತ ಆಯಿತು. ಮಾರುವವರು ನಗದು ಕೇಳಿದರು. ಮನೆ ವ್ಯವಹಾರದ ಮುಂಗಡವನ್ನು 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು 2015ರಿಂದ ಹೇಳುತ್ತದೆ. ಚೆಕ್ಕೇ ಕೊಟ್ಟೆ.

'ಅಗ್ರಿಮೆಂಟ್ ಶ್ರಾವಣದಲ್ಲಿ ಮಾಡೋಣ ಮೇಡಂ' ಎಂದರು. ಹೂಂ ಅಂದೆ. ಆಷಾಢದಲ್ಲಿ ಸಹಿ ಹಾಕಲು ನನಗೂ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಶುಕ್ರವಾರ ಬೆಟ್ಟಕ್ಕೆ ಹೋಗಿ ಚಾಮುಂಡಿಗೆ ಕೈಮುಗಿದೂ ಬಂದೆ.

ಆ ತಿಂಗಳಲ್ಲಿ ಸುಮ್ನೆ ಕೂರಲಿಲ್ಲ. ಅವಧಿಗೆ ಮೊದಲೇ ಎಫ್‌ಡಿ ಮುರಿಸಿದೆವು, ಬಡ್ಡಿ ಹೋಯಿತು. ಮನೆ ಮೇಲೆ ಸಾಲ, ಋಣಭಾರ ಇದೆಯೇ ಎಂದು ತೋರಿಸುವ ಇಸಿ ಪತ್ರವನ್ನು 30 ವರ್ಷದ್ದು ತೆಗೆಸಿದೆವು. ಮೂಲಪತ್ರ ನೋಡಲು ವಕೀಲರಿಗೆ 7 ಸಾವಿರ. ಸಾಲದ ಅರ್ಜಿಗೆ ಬ್ಯಾಂಕಿನ ಶುಲ್ಕ ಬೇರೆ.

ಶ್ರಾವಣಕ್ಕೆ ನಾಲ್ಕು ದಿನ ಇರುವಾಗ ಬ್ರೋಕರ್ ಫೋನು: 'ಅವರ ಮಗ ಒಪ್ತಾ ಇಲ್ಲ.' ಮೊದಲ ದಿನ ನಮಗೆ ಕಾಫಿ ತಂದುಕೊಟ್ಟವನೇ ಆ ಮಗ! ಬೇರೆ ಯಾರೋ 4 ಲಕ್ಷ ಜಾಸ್ತಿ ಕೊಟ್ಟರಂತೆ ಎಂದು ಎದುರು ಅಂಗಡಿಯವರು ಆಮೇಲೆ ಹೇಳಿದರು. ಎರಡೇ ದಿನದಲ್ಲಿ ಟೋಕನ್ ನಮ್ಮ ಖಾತೆಗೆ ಬಂತು. 'ದುಡ್ಡು ಬಂತಲ್ಲ, ಇನ್ನೇನು?' ಎಂದರು ಬ್ರೋಕರ್. ಈ ಪತ್ರ ಬರೆಸಿದ್ದು ಆ ಮಾತೇ.

ಅಗ್ರಿಮೆಂಟ್ ಆಗಿದ್ದರೆ ಕ್ರಯ ಮಾಡಿಕೊಡಿ ಎಂದು ಕೋರ್ಟಿಗೆ ಹೋಗಬಹುದಿತ್ತು, ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಆ ದಾರಿ ಇನ್ನೂ ಗಟ್ಟಿಯಾಗಿದೆ ಎಂದರು ವಕೀಲರು. ಬಾಯಿಮಾತಿನ ಒಪ್ಪಂದವನ್ನೂ ಕಾನೂನು ತಳ್ಳಿಹಾಕುವುದಿಲ್ಲವಂತೆ. ಆದರೆ ರೇಟು, ಗಡುವು ಏನೂ ಬರೆಯದ ಒಂದು ಚೆಕ್ ಹಿಡಿದು ಸಾಬೀತು ಮಾಡುವುದು ಹೇಗೆ?

ಕೊಳ್ಳುವವರು ಹಿಂದೆ ಸರಿದರೆ ಟೋಕನ್ ಹೋಯಿತು ಅಂತಲೇ ಲೆಕ್ಕ. ಮಾರುವವರು ಸರಿದರೆ ಕೊಟ್ಟಿದ್ದನ್ನು ವಾಪಸ್ ಕೊಟ್ಟರೆ ಸಾಕು. ಇದು ಯಾವ ನ್ಯಾಯ? ಹೀಗೆ ಕೇಳಲು ನನಗೆ ಸ್ವಲ್ಪ ನಾಚಿಕೆಯೂ ಇದೆ. 2009ರಲ್ಲಿ ನಮ್ಮ ಸೈಟು ಮಾರುವಾಗ ಹಿಂದೆ ಸರಿದ ಒಬ್ಬ ಹುಡುಗನ 10 ಸಾವಿರವನ್ನು ನಾವೂ ಕೊಡಲಿಲ್ಲ. ಆಗ ಅದು ತಪ್ಪು ಅನ್ನಿಸಿರಲಿಲ್ಲ.

ಟೋಕನ್ ಕೊಡುವ ದಿನವೇ ಒಂದು ಪುಟದ ಚೀಟಿ ಆಗಲಿ. ರೇಟು, ಮನೆಯ ಖಾತೆ ನಂಬರು, ಅಗ್ರಿಮೆಂಟಿನ ತಾರೀಕು, ಹಕ್ಕಿರುವ ಎಲ್ಲರ ಸಹಿ ಅದರಲ್ಲಿರಲಿ, ಮಗನದೂ ಸೇರಿ. ಮಾರುವವರು ಸರಿದರೆ ಟೋಕನ್ ಜೊತೆ ಅಷ್ಟೇ ಮೊತ್ತ ಸೇರಿಸಿ ಕೊಡಬೇಕು ಎಂದೂ ಬರೆದಿರಲಿ. ನೋಂದಣಿ ಇಲಾಖೆ ಇಂಥದೊಂದು ನಮೂನೆಯನ್ನು ಕಾವೇರಿ ಜಾಲತಾಣದಲ್ಲಿ ಇಟ್ಟರೆ ಜನ ಬಳಸಿಯಾರು.

ಸದ್ಯಕ್ಕೆ ನಾನೇ ಒಂದು ಬರೆದಿಟ್ಟುಕೊಂಡಿದ್ದೇನೆ. ಕಳೆದ ವಾರ ಇನ್ನೊಂದು ಮನೆಯವರಿಗೆ ತೋರಿಸಿದೆ. ಎರಡು ಸಲ ಓದಿದರು. 'ಮಗನನ್ನ ಒಂದು ಮಾತು ಕೇಳಿ ಹೇಳ್ತೀನಿ' ಎಂದರು.

– ನಿವೃತ್ತ ಶಿಕ್ಷಕಿ, ಮೈಸೂರು